ಸಡಿಲ ಬೆಲ್ಟಿನ ಶಿಷ್ಯೆ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ನಿಧಾನಿ ಎಂದೇ ಕರೆಯುತ್ತಿದ್ದರು. ಕೆಲಸದಲ್ಲೇನೂ ನಿಧಾನವಲ್ಲ. ಹೋಟೆಲುಗಳಿಂದ ಬಂದ ಹಾಸಿಗೆ ಬಟ್ಟೆಗಳನ್ನು ಹಬೆಯ ಇಸ್ತ್ರಿಗೆ ಕೊಟ್ಟು, ಮೂಲೆಗೆ ಮೂಲೆ ಕೂಡಿಸಿ ಮಡಿಸಿಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಿಧಾನವೆಲ್ಲ ಹಾಡಿನಲ್ಲಿ. ಬೇರೆಯವರು ಒಂದು ಹಾಡು ಮುಗಿಸಿ ಚಹಾ ಕುಡಿದು ಬರುವಷ್ಟರಲ್ಲಿ ಇವಳು ಇನ್ನೂ ಎರಡನೇ ಸಾಲಿನಲ್ಲಿ ಇರುತ್ತಿದ್ದಳು. ದನಿಯೂ ಅಷ್ಟೇ, ಬಾವಿಯ ತಳದಿಂದ ಬಂದ ಹಾಗೆ ತಗ್ಗು.

"ನಿಧಾನವೇ ಪ್ರಧಾನ, ಅಲ್ವೇನಮ್ಮ?" ಎಂದು ಮೇಸ್ತ್ರಿ ಕಿಚಾಯಿಸಿದರೆ, "ಹೌದು, ನೀವು ರಜೆ ಕೊಡೋದನ್ನ ನೋಡಿ ಕಲಿತಿದ್ದು" ಎನ್ನುತ್ತಿದ್ದಳು.

ಹಾಡುಗಳು ಅವಳ ಸ್ವಂತದವು. ಮಾತು ಅವಳದು, ರಾಗ ಅವಳದು. ರೆಕಾರ್ಡಿಂಗ್ ಸ್ಟುಡಿಯೋ ಎಂದರೆ ಮನೆಯ ಬಟ್ಟೆಯ ಬೀರು. ಒಳಗೆ ಮೊಣಕಾಲು ಮಡಚಿ ಕೂತು, ಬಾಗಿಲೆಳೆದುಕೊಂಡು, ಕಂಬಳಿಗಳ ನಡುವೆ ಫೋನ್ ಹಿಡಿದು ಹಾಡುವುದು. ಆಮೇಲೆ ತಾನೇ ಇಂಟರ್ನೆಟ್ಟಿಗೆ ಏರಿಸುವುದು. ಹದಿನಾಲ್ಕು ವರ್ಷಗಳ ಈ ಉದ್ಯೋಗದಲ್ಲಿ ಅವಳ ಅತಿ ಜನಪ್ರಿಯ ಹಾಡಿಗೆ ನಲವತ್ತೊಂದು ಕೇಳುಗರು. "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ಅಮ್ಮ ಗೊಣಗುತ್ತಿದ್ದಳು. ಗೊಣಗುತ್ತಲೇ, ಬೀರುವಿನ ಬಾಗಿಲು ಮುಚ್ಚಿದ್ದು ಕೇಳಿದೊಡನೆ ಎದ್ದು ಹೋಗಿ ಕುಕ್ಕರಿನ ಉರಿ ಆರಿಸಿ ಬರುತ್ತಿದ್ದಳು.

ಅವಳು ಮನಸಾರೆ ಮೆಚ್ಚಿದ ಕಲಾವಿದರು ಇಬ್ಬರೇ. ಒಬ್ಬರು ಪಕ್ಕದ ಬೀದಿಯ ಕ್ಲಾರಿನೆಟ್ ತಾತ. ಹಲ್ಲೆಲ್ಲ ಉದುರಿದ ಮೇಲೆ ಬ್ಯಾಂಡಿನವರು ಅವರನ್ನು ಮನೆಗೆ ಕಳಿಸಿದರು. ತಾತ ಒಂದು ವರ್ಷ ಬರಿಯ ವಸಡಿನಲ್ಲಿ ಕಚ್ಚಿ ಊದುವುದನ್ನು ಅಭ್ಯಾಸ ಮಾಡಿದರು. ನಾದ ಒರಟಾಯಿತು, ನಡುಗಿತು, ಆದರೆ ಬೀದಿಯ ಆ ತುದಿಯಿಂದಲೇ ಇದು ತಾತನದು ಎಂದು ಗೊತ್ತಾಗುತ್ತಿತ್ತು. "ಹಲ್ಲಿದ್ದಾಗ ಊದಿದ್ದು ಬ್ಯಾಂಡಿನದು, ಮಗಳೇ. ಹಲ್ಲು ಹೋದ್ಮೇಲೆ ಊದಿದ್ದು ನಂದು" ಎಂದು ಒಮ್ಮೆ ಅವಳಿಗೆ ಹೇಳಿದ್ದರು.

ಇನ್ನೊಬ್ಬರನ್ನು ಅವಳು ಕಂಡವಳೇ ಅಲ್ಲ. ಅಪ್ಪ ಬಿಟ್ಟುಹೋದ ಟೇಪ್ ರೆಕಾರ್ಡರಿನೊಳಗೆ ಸಿಕ್ಕಿಕೊಂಡಿದ್ದ ಒಂದೇ ಒಂದು ಕ್ಯಾಸೆಟ್ಟಿನ ಗಾಯಕಿ ಅವರು. ಹೊದಿಕೆ ಕಳೆದುಹೋಗಿ ಹೆಸರೂ ಗೊತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ತಗ್ಗಿನ, ಅವಸರವಿಲ್ಲದ, ದುಃಖವನ್ನು ಸಾವಕಾಶವಾಗಿ ಅಗಿಯುವ ದನಿ. ಒಂಬತ್ತನೇ ವಯಸ್ಸಿನಿಂದ ಅದನ್ನು ಕೇಳಿ, ಅದರ ಜೊತೆ ಹಾಡಿ, ನಿಧಾನಿ ತನ್ನ ಗಂಟಲನ್ನು ಆ ದನಿಯ ಅಳತೆಗೆ ಹೊಲಿದುಕೊಂಡಿದ್ದಳು.

ನಲವತ್ತೆರಡನೇ ವಯಸ್ಸಿನಲ್ಲಿ ಒಂದು ಅವಕಾಶ ಬಂತು. ಸ್ವಂತ ಹಾಡು ಕಟ್ಟುವವರಿಗಾಗಿ ನಗರದ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ. ಮೊದಲು ಸಮಿತಿಯ ಮುಂದೆ ಮೂರು ನಿಮಿಷ ಹಾಡಿ ತೋರಿಸಬೇಕು. ಅರ್ಜಿಯಲ್ಲಿ "ಗುರುಗಳ ಹೆಸರು" ಎಂದಿದ್ದ ಕಡೆ ಅವಳು ಖಾಲಿ ಬಿಟ್ಟಳು. ಸಂತೋಷಕ್ಕೆ ಎರಡು ದಿನ ಊಟ ಸೇರಲಿಲ್ಲ.

ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಅವಳ ಅಣ್ಣ ತಂಗಿಗೆ ಏನಾದರೂ ಮಾಡಬೇಕೆಂದುಕೊಂಡ. ಅವಳು ಲಾಂಡ್ರಿಯಲ್ಲಿದ್ದಾಗ ಟೇಪ್ ರೆಕಾರ್ಡರ್ ಬಿಚ್ಚಿ, ಒಳಗಿನ ರಬ್ಬರ್ ಬೆಲ್ಟು ಜೋತುಬಿದ್ದಿದ್ದನ್ನು ನೋಡಿ, ಹೊಸದು ಹಾಕಿಟ್ಟ. ಸಂಜೆ ಅವಳು ಗುಂಡಿ ಒತ್ತಿದಳು. ಯಾರೋ ಹುಡುಗಿ ಚುರುಕಾಗಿ, ತೆಳ್ಳನೆಯ ದನಿಯಲ್ಲಿ ಹಾಡತೊಡಗಿದಳು.

"ಯಾರಿದು?" ಎಂದಳು.

"ಇದೇ ಕಣೇ ನಿನ್ನ ದೊಡ್ಡಮ್ಮ. ಬೆಲ್ಟು ಸಡಿಲ ಆಗಿ ಇಷ್ಟು ವರ್ಷ ಟೇಪು ನಿಧಾನಕ್ಕೆ ಓಡ್ತಿತ್ತು. ಅದಕ್ಕೇ ದನಿ ದಪ್ಪ ಕೇಳಿಸ್ತಿತ್ತು. ಇನ್ನಾದ್ರೂ ಸರಿಯಾಗಿ ಕಲಿ."

ಅವಳು ಗುಂಡಿ ಒತ್ತಿ ಟೇಪು ನಿಲ್ಲಿಸಿದಳು. ಮೂವತ್ತಮೂರು ವರ್ಷ ಅವಳು ಗುರುವೆಂದು ಕೈಮುಗಿದದ್ದು ಒಂದು ಜೋತುಬಿದ್ದ ರಬ್ಬರಿಗೆ! ಅಂಥ ಹಾಡುಗಾರ್ತಿ ಲೋಕದಲ್ಲಿ ಇರಲೇ ಇಲ್ಲ.

ಮೂರು ವಾರ ಅವಳು ಸರಿಯಾಗಲು ಹೆಣಗಿದಳು. ತನ್ನ ಹಾಡನ್ನೇ ಓಡಿಸಿದಳು, ಶ್ರುತಿ ಏರಿಸಿದಳು. ಗಂಟಲು ಹರಿಯಿತು. ಹಾಡು ಬೇಗ ಮುಗಿಯುತ್ತಿತ್ತು, ಆದರೆ ಏನನ್ನೂ ಹೇಳಿರುತ್ತಿರಲಿಲ್ಲ. ಕೊನೆಗೆ ಅಂಗಡಿಗೆ ಹೋಗಿ, "ಹಳೇ ಬೆಲ್ಟು ಕೊಡಣ್ಣ" ಎಂದಳು.

"ಅಯ್ಯೋ, ಅವತ್ತೇ ಬಿಸಾಕ್ದೆ. ನಿಂಗ್ಯಾಕೆ ಅದು? ಜನ ಏನಂತಾರೆ ಗೊತ್ತಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂತಾರೆ."

"ಅನ್ಲಿ. ನನ್ನ ನೆಲ ಡೊಂಕೇ. ನಾನು ಕುಣಿಯೋದು ಕಲಿತಿದ್ದೇ ಆ ಡೊಂಕಿನ ಮೇಲೆ."

ಮನೆಗೆ ನಡೆಯುತ್ತ ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆ ಬುದ್ಧಿ ಬಂತು. ಟೇಪು ಸರಿಹೋಯಿತು, ಬೆಲ್ಟು ಕಸಕ್ಕೆ ಹೋಯಿತು. ಹಾಗಾದರೆ ಆ ತಗ್ಗಿನ ದನಿ ಈಗ ಉಳಿದಿರುವುದು ತನ್ನ ಗಂಟಲಿನಲ್ಲಿ ಮಾತ್ರ. ತಾನೂ ಸರಿಹೋದರೆ ಅದು ಸತ್ತೇಹೋಗುತ್ತದೆ. ಅದನ್ನು ಸಾಯಲು ಬಿಡುವವಳು ನಾನಲ್ಲ ಎಂದು ಅವಳು ಬೀದಿಯಲ್ಲೇ ಗಟ್ಟಿಯಾಗಿ ಹೇಳಿದಳು. ಎದುರು ಬಂದವರೊಬ್ಬರು ಬೆಚ್ಚಿ ದಾರಿ ಬಿಟ್ಟರು.

ಸಭಾಂಗಣದಲ್ಲಿ ಸಮಿತಿಯ ಐವರು ಮುಂದಿನ ಸಾಲಿನಲ್ಲಿ ಕೂತಿದ್ದರು, ಅಣ್ಣ ಕೊನೆಯ ಸಾಲಿನಲ್ಲಿ. ನಿಧಾನಿ ಕಣ್ಣು ಮುಚ್ಚಿ, ತನ್ನ ವೇಗದಲ್ಲಿ, ತನ್ನ ಆಳದಲ್ಲಿ ಶುರುಮಾಡಿದಳು. ಮೂರು ನಿಮಿಷದ ಗಂಟೆ ಹೊಡೆದಾಗ ಇನ್ನೂ ಅರ್ಧ ಹಾಡು ಬಾಕಿ. ನಿಯಮದಂತೆ ಮೈಕ್ ಆಫ್ ಆಯಿತು. ಅವಳು ನಿಲ್ಲಿಸಲಿಲ್ಲ. ಬೀರುವಿನೊಳಗೆ ಅವಳಿಗೆ ಯಾರು ಮೈಕ್ ಕೊಟ್ಟಿದ್ದರು? ಗಂಟೆಯವನು ಮತ್ತೊಮ್ಮೆ ಹೊಡೆದ. ಅವಳು ಒಂದು ಸ್ವರವನ್ನೂ ಓಡಿಸದೆ, ಕೊನೆಯ ಸಾಲನ್ನು ಎಲ್ಲಿಗೆ ಮುಟ್ಟಿಸಬೇಕಿತ್ತೋ ಅಲ್ಲಿಗೆ ಮುಟ್ಟಿಸಿ ಕಣ್ಣು ತೆರೆದಳು.

ಅಧ್ಯಕ್ಷರು ಅರ್ಜಿಯನ್ನು ತಿರುವಿಹಾಕಿದರು. "ಗುರುಗಳ ಹೆಸರೇ ಬರೆದಿಲ್ವಲ್ಲಮ್ಮ. ಯಾರು?"

"ಒಂದು ಸಡಿಲವಾದ ಬೆಲ್ಟು, ಸಾರ್."

ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. "ಇಷ್ಟು ನಿಧಾನಕ್ಕೆ ಹಾಡಿದ್ರೆ ಈ ಕಾಲದಲ್ಲಿ ಯಾರು ಕೇಳ್ತಾರೆ, ಹೇಳಿ?"

"ಮೈಕ್ ಆಫ್ ಮಾಡಿದ್ಮೇಲೂ ನೀವು ಐದೂ ಜನ ಕೇಳಿದ್ರಲ್ಲ ಸಾರ್. ಒಬ್ರೂ ಎದ್ದು ಹೋಗ್ಲಿಲ್ಲ."

ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಮೆಟ್ಟಿಲ ಮೇಲೆ ಅಣ್ಣ ಮುಖ ಒರೆಸಿಕೊಳ್ಳುತ್ತ ನಿಂತಿದ್ದ. "ಆ ಬೆಲ್ಟು ಬಿಸಾಕಬಾರದಿತ್ತು ಕಣೇ" ಎಂದ.

"ಬಿಡಣ್ಣ, ಅದರ ಕೆಲಸ ಅದು ಮಾಡಿ ಮುಗಿಸಿದೆ."

ಸಂಜೆ ಅವಳು ಬೀರುವಿನೊಳಗೆ ಕೂತು ಅದೇ ಹಾಡನ್ನು ಪೂರ್ತಿ ಹಾಡಿದಳು, ಏಳು ನಿಮಿಷ. ಇಷ್ಟು ವರ್ಷವೂ ಇಂಟರ್ನೆಟ್ಟಿಗೆ ಏರಿಸುವಾಗ ಹಾಡುಗಾರರ ಹೆಸರು ಕೇಳಿದ ಕಡೆ ಅವಳು ಶಾಲೆಯ ದಾಖಲೆಯಲ್ಲಿದ್ದ ಹೆಸರು ಬರೆಯುತ್ತಿದ್ದಳು. ಅವತ್ತು ಅದನ್ನು ಅಳಿಸಿ, ನಿಧಾನಿ ಎಂದು ಬರೆದಳು.