ಹನ್ನೊಂದನೆಯ ಸಾಲಿನ ನಂತರ

ಕಳೆದ ಶನಿವಾರ ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ನಾನು ಪೆಂಡಲ್ ಹಿಲ್‌ನಲ್ಲಿ ನಮ್ಮ ಕನ್ನಡ ಸಂಘ ಹಿಡಿದಿದ್ದ ಬಾಡಿಗೆ ಹಾಲ್‌ನಲ್ಲಿ, ಹಿಂದಿನ ಗೋಡೆಯ ಲೈಟ್ ಸ್ವಿಚ್ ಪಕ್ಕ ನಿಂತಿದ್ದೆ. ಸ್ಲೈಡ್ ಬಂದಾಗ ಲೈಟ್ ಆರಿಸುವುದು ನನ್ನ ಕೆಲಸ. ಅಲ್ಲಿಂದ ಪರದೆ ಚೆನ್ನಾಗಿ ಕಾಣುತ್ತಿತ್ತು. ಆದ್ದರಿಂದ ನಾನು ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಅವತ್ತಿನ ಅತಿಥಿ ರಾಲ್ಫ್. ವಯಸ್ಸು ಎಪ್ಪತ್ತೊಂಬತ್ತು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಈಗ ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ಎರಡು ರೂಮಿನ ಯೂನಿಟ್‌ನಲ್ಲಿ ಒಬ್ಬರೇ ಇದ್ದಾರೆ. ಜೀವನವಿಡೀ ಬರೆದದ್ದು ಒಂದೇ ವಿಷಯ: ನಮ್ಮ ಕಡೆಯ ಊರುಗಳನ್ನು ಬ್ರಿಟಿಷರು ಆಳಿದ ರೀತಿ. ಅವರಿಗೆ ಹೆಸರು ತಂದದ್ದು ಮೊದಲ ಪುಸ್ತಕ. ಬಳ್ಳಾರಿ ಸೀಮೆಯ ಒಬ್ಬ ಕಲೆಕ್ಟರ್, ಆತನ ಬಂಗಲೆ, ಆತ ಬೆಳೆಸಿದ ಗುಲಾಬಿ ತೋಟ, ಆತನನ್ನು ಪ್ರೀತಿಸಿದ ರೈತರು. ಪ್ರೀತಿಗೆ ಸಾಕ್ಷಿಯಾಗಿ ರೈತರೇ ಬರೆದ ಒಂದು ಕನ್ನಡ ಪತ್ರ.

ಆ ಪುಸ್ತಕದ ಹೊಸ ಮುದ್ರಣ ಬರುತ್ತಿದೆ. ಕೊನೆಯ ಪ್ರೂಫ್ ಅವರ ಬ್ಯಾಗಿನಲ್ಲೇ ಇತ್ತು. ಸೋಮವಾರ ಪ್ರಿಂಟಿಗೆ ಹೋಗುತ್ತದೆ, ಈ ವಯಸ್ಸಿನಲ್ಲಿ ಇದೇ ಕೊನೆಯ ಮುದ್ರಣ ಎಂದು ಅವರೇ ನಗುತ್ತಾ ಹೇಳಿದ್ದರು.

ಪತ್ರ ಪರದೆಯ ಮೇಲೆ ಬಂತು. ಪಕ್ಕದಲ್ಲಿ ಕಲೆಕ್ಟರ್ ಕಚೇರಿಯ ಗುಮಾಸ್ತ ಆ ಕಾಲದಲ್ಲೇ ಮಾಡಿದ್ದ ಇಂಗ್ಲಿಷ್ ಅನುವಾದ. ರಾಲ್ಫ್‌ಗೆ ಕನ್ನಡ ಓದಲು ಬರುವುದಿಲ್ಲ. ನಮಗೆ ಬರುತ್ತದಲ್ಲ? ನಲವತ್ತು ಜನ ಕನ್ನಡಿಗರು ಫೋನ್ ಎತ್ತಿ ಫೋಟೊ ತೆಗೆದೆವು. (ಒಬ್ಬರೂ ಓದಲಿಲ್ಲ. ಹಳೆಯ ಕೈಬರಹ, ಯಾರಿಗೆ ಪುರುಸೊತ್ತು?)

ಓದಿದ್ದು ಸರೋಜಮ್ಮ. ನನ್ನ ಹೆಂಡತಿಯ ದೊಡ್ಡಮ್ಮ, ಬಳ್ಳಾರಿಯಲ್ಲಿ ಟೀಚರ್ ಆಗಿದ್ದವರು. ಅವರ ತಾತ ತಾಲ್ಲೂಕು ಕಚೇರಿಯ ಮುಂದೆ ಕೂತು ಊರವರಿಗೆ ಅರ್ಜಿ ಬರೆದುಕೊಡುತ್ತಿದ್ದರಂತೆ. ಅಂಥ ಅಕ್ಷರಗಳ ನಡುವೆಯೇ ಬೆಳೆದವರು. ಅವರು ಎದ್ದು ನಿಂತರು.

"ಇಂಗ್ಲಿಷಿಗೆ ಬಂದಿರೋದು ಬರೇ ಪೀಠಿಕೆ ಅಪ್ಪಾ. ಅರ್ಜಿ ಇನ್ನಾ ಶುರುನೇ ಆಗಿಲ್ಲ."

ಲ್ಯಾಪ್‌ಟಾಪ್ ನೋಡಿಕೊಳ್ಳುತ್ತಿದ್ದ ರಘು, ಆಂಟಿ, ಶಾಲು ಹೊದಿಸಿ ಆಗಲಿ, ಆಮೇಲೆ ಹೇಳಿ ಎಂದ. ನಾನೂ ಹೋಗಿ ಊಟದ ಹೊತ್ತಿಗೆ ಹೇಳಿದರಾಯಿತು ಎಂದು ಅವರ ಸೆರಗು ಜಗ್ಗಿದೆ. ಅತಿಥಿಗೆ ಸನ್ಮಾನಕ್ಕೆ ಮೊದಲೇ ತಪ್ಪು ತೋರಿಸುವುದುಂಟೇ?

"ಊಟ ಆದಮ್ಯಾಲೆ ಅವರು ಫ್ಲೈಟ್ ಹತ್ತುತಾರ. ಪುಸ್ತಕ ಸೋಮವಾರ ಹೋಗತದ. ಕೈ ಬಿಡು."

ಬಿಟ್ಟೆ.

ವಿಷಯ ಇಷ್ಟು. ಆ ಕಾಲದ ಅರ್ಜಿಗೆ ಒಂದು ಕ್ರಮವಿತ್ತು. ಮೊದಲು ಧರ್ಮಪ್ರಭುಗಳು, ಅನ್ನದಾತರು, ತಾಯಿ ತಂದೆ ಸಮಾನರು ಎಂದೆಲ್ಲ ಹೊಗಳಿಕೆ. ಯಾವ ದೊರೆಗಾದರೂ ಅದೇ. ಆಮೇಲೆ ಸಂಕಟ. (ನಮ್ಮ ಸಂಘದ ಇಮೇಲ್‌ಗಳನ್ನೇ ನೋಡಿ. ಎರಡು ಪ್ಯಾರಾ ಹೊಗಳಿದ ಮೇಲಲ್ಲವೇ ದಯವಿಟ್ಟು ಡ್ರೈವ್‌ವೇಗೆ ಅಡ್ಡ ಪಾರ್ಕ್ ಮಾಡಬೇಡಿ ಎನ್ನುವುದು?) ಗುಮಾಸ್ತ ಹನ್ನೊಂದು ಸಾಲು ಹೊಗಳಿಕೆಯನ್ನು ಇಂಗ್ಲಿಷಿಗೆ ತಂದು ಪೆನ್ನು ಕೆಳಗಿಟ್ಟಿದ್ದ. ಕೆಳಗೆ ಇನ್ನೂ ಒಂಬತ್ತು ಸಾಲಿತ್ತು.

ಸರೋಜಮ್ಮ ಪರದೆಯ ಹತ್ತಿರ ಹೋಗಿ ಒಂದೊಂದೇ ಸಾಲು ಓದಿದರು. ಅದನ್ನು ರಾಲ್ಫ್ ಪಕ್ಕ ನಿಂತು ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೆರೆಯ ತೂಬು ಮುಚ್ಚಿಸಿದ್ದೀರಿ. ನಮ್ಮ ಗದ್ದೆಯ ನೀರು ನಿಮ್ಮ ಬಂಗಲೆಯ ತೋಟಕ್ಕೆ ಹೋಗುತ್ತಿದೆ. ದಯಮಾಡಿ ಬಿಡಿಸಿಕೊಡಿ. ಇದು ನಮ್ಮ ಮೂರನೆಯ ಅರ್ಜಿ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಇಂಗ್ಲಿಷಿನಲ್ಲಿ 'ಯಾವುದೋ ತೋಟಕ್ಕೆ' ಎಂದೆ. ಮುದುಕರ ಮುಖ ನೋಡಿ ಇದ್ದದ್ದು ಹೇಳಲು ಬಾಯಿ ಬರಲಿಲ್ಲ.

"ಯಾವುದೋ ಅಲ್ಲ, ಸಾಹೇಬರ ತೋಟಕ್ಕೆ ಅನ್ನು," ಎಂದರು ಸರೋಜಮ್ಮ. "ನೀನೂ ಗುಮಾಸ್ತನ ಕೆಲಸಾನೇ ಮಾಡ್ತೀಯಲ್ಲೋ."

ಸರಿಪಡಿಸಿ ಹೇಳಿದೆ. ರಾಲ್ಫ್ ಕುರ್ಚಿಯಲ್ಲಿ ಕುಳಿತರು. ಬ್ಯಾಗಿನಿಂದ ಪ್ರೂಫ್ ತೆಗೆದರು. ಆ ಪತ್ರದ ಪುಟ ಹುಡುಕಿ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ನಿಧಾನವಾಗಿ ಒಂದು ಗೆರೆ ಎಳೆದರು. ಆಮೇಲೆ ತೋಟದ ಅಧ್ಯಾಯ ತೆರೆದರು. ಅದರ ಹದಿನಾಲ್ಕು ಪುಟಕ್ಕೂ ಗೆರೆ.

ಆಮೇಲೆ ಅವರು ತಲೆ ಎತ್ತಿ ಇಂಗ್ಲಿಷಿನಲ್ಲಿ ಹೇಳಿದ್ದು ಇದು: "ನಲವತ್ತು ವರ್ಷ ಅವರ ನಮಸ್ಕಾರವನ್ನಷ್ಟೇ ಓದಿದ್ದೇನೆ. ಮೇಡಂ, ದಯವಿಟ್ಟು ಇನ್ನೊಮ್ಮೆ ಓದಿ."

ಮುಖದಲ್ಲಿ ಸೋಲಿರಲಿಲ್ಲ. ಕಳೆದುಹೋಗಿದ್ದ ಸಾಮಾನು ಸಿಕ್ಕಿದವರ ಮುಖ ಅದು.

ಪ್ರಕಾಶಕರಿಗೆ ಅಲ್ಲಿಂದಲೇ ಫೋನ್ ಹೋಯಿತು. ಮುದ್ರಣ ನಿಂತಿತು. ಫ್ಲೈಟ್ ಭಾನುವಾರ ಸಂಜೆಗೆ ಬದಲಾಯಿತು. ಬಿಸಿಬೇಳೆಬಾತ್ ತಣ್ಣಗಾದರೂ ಇಬ್ಬರು ಹಿರಿಯರೂ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ರಾಲ್ಫ್ ಬಳಿ ಅಂಥ ಪತ್ರಗಳು ಇನ್ನೂ ಮೂವತ್ತಾರು ಇವೆಯಂತೆ. ಈಗ ದಿನಾ ಬೆಳಗ್ಗೆ ಹತ್ತಕ್ಕೆ ಡ್ಯಾಂಡಿನಾಂಗ್‌ನಿಂದ ವಿಡಿಯೊ ಕಾಲ್ ಬರುತ್ತದೆ. ಸರೋಜಮ್ಮ ಒಂಬತ್ತೂವರೆಗೇ ಕನ್ನಡಕ ಒರೆಸಿಕೊಂಡು ಕೂರುತ್ತಾರೆ.

ಹಾಲ್ ತುಂಬ ಜನರಿದ್ದರೂ ಆ ಗೆರೆ ಬೀಳುವುದನ್ನು ಹತ್ತಿರದಿಂದ ಕಂಡವರು ನನ್ನನ್ನು ಬಿಟ್ಟರೆ ಮೂವರು: ಸರೋಜಮ್ಮ, ರಘು, ಗೆರೆ ಎಳೆದ ರಾಲ್ಫ್. ಮೂವರೂ ಬದುಕಿದ್ದಾರೆ.

ಕೇಳುವುದಾದರೆ ಅವರನ್ನೂ ಕೇಳಿ, ಆದರೆ ಪೂರ್ತಿ ಕೇಳಿ.