ಈರಣ್ಣ ಬಂದಾಗ ಹತ್ತಿದ ಹಸಿರು ದೀಪ

ದೃಷ್ಟಿ, ಕೈಗುಣ, ಇಂಥವನ್ನೆಲ್ಲ ನಾನು ನಂಬಿದವನಲ್ಲ. ಮುಂಬಯಿಯ ಜೋಗೇಶ್ವರಿಯಲ್ಲಿ ಹಳೆ ಕಂಪ್ಯೂಟರ್ ಕೊಂಡು, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಮಾರುವ ಅಂಗಡಿ ನನ್ನದು. ಹಮಾಲಿ ಮಾಡುತ್ತಲೇ ಕಲಿತ ವಿದ್ಯೆ. ಯಂತ್ರ ಕೆಟ್ಟರೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ನೀವೂ ಹಾಗೇ ನಂಬಿ, ನಷ್ಟವಿಲ್ಲ. ಆದರೆ ಕೆಲವು ವರ್ಷದ ಹಿಂದಿನ ಆ ಒಂದು ಸಂಜೆಯ ಮಾತು ಬೇರೆ.

ಎದುರು ಸಾಲಿನಲ್ಲಿ ಈರಣ್ಣನದೂ ಅದೇ ಧಂದೆ. ನಮ್ಮ ವಿಜಯಪುರ ಕಡೆಯವನೇ. ನನ್ನಷ್ಟು ಬಲ್ಲವನಲ್ಲ, ಆದರೆ ಗಿರಾಕಿಗಳೆಲ್ಲ ಅವನ ಕಡೆಗೇ. ನನಗೆ ಹೊಟ್ಟೆಯುರಿ ಇತ್ತು, ಮುಚ್ಚಿಡುವುದೇನು? ಧಾರಾವಿಯಲ್ಲಿ ನಾವಿಬ್ಬರೂ ಮಾಲು ಕೊಳ್ಳುವ ಗುಜರಿಯವನೂ ನಮ್ಮ ಕಡೆಯವನು. ಊರ ದನದ ಸಂತೆಯ ಹಾಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸುವುದು ಅಲ್ಲಿಯ ರೂಢಿ. ಹಾಗೆ ಮುಗಿದ ಮಾಲಿಗೆ ಇನ್ನೊಬ್ಬ ಕೈ ಹಾಕುವಂತಿಲ್ಲ. ಈರಣ್ಣ ಹಾಗೆ ಮುಗಿಸಿಟ್ಟಿದ್ದ ಒಂದು ಚೀಲ ನೆಟ್‌ವರ್ಕ್ ಕಾರ್ಡುಗಳನ್ನು, ಕಂಪ್ಯೂಟರಿಗೆ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಬಿಲ್ಲೆಗಳನ್ನು, ಅವನು ಟೆಂಪೋ ತರುವಷ್ಟರಲ್ಲಿ, ಒಂದು ಬೆರಳು ಹೆಚ್ಚು ಹಿಡಿದು, ದರ ಏರಿಸಿ, ನಾನು ಎತ್ತಿಕೊಂಡು ಬಂದೆ.

ದಹಿಸರಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಟೀಚರ್ ಒಬ್ಬರು ಮಾದರಿ ನೋಡಲು ಬರುವವರಿದ್ದರು. ಒಪ್ಪಿದರೆ ಇಡೀ ಕ್ಲಾಸಿನ ಕೆಲಸ ನನ್ನದು, ಇಲ್ಲವಾದರೆ ಈರಣ್ಣನದು. ಮಾದರಿ ಯಂತ್ರಕ್ಕೆ ಆ ಚೀಲದ ಕಾರ್ಡೊಂದನ್ನು ಕೂರಿಸಿದೆ. ಲಿನಕ್ಸ್ ಅದನ್ನು ಗುರುತಿಸಿತು, ಡ್ರೈವರೂ ಸರಿಯಾಗಿ ಕೂತಿತು, ಆದರೆ ಕೇಬಲ್ಲೇ ಇಲ್ಲ ಎಂದು ಹಟ ಹಿಡಿಯಿತು. ಕೇಬಲ್ ಬದಲಿಸಿದೆ, ಸ್ಲಾಟ್ ಬದಲಿಸಿದೆ, ಕಾರ್ಡಿನ ಅಂಚನ್ನು ರಬ್ಬರಿನಿಂದ ಉಜ್ಜಿದೆ. ಚೀಲದ ಉಳಿದ ಕಾರ್ಡುಗಳದೂ ಅದೇ ಹಾಡು. ಕೇಬಲ್ ಸಿಕ್ಕಿದೊಡನೆ ಹತ್ತಬೇಕಾದ, ಯಂತ್ರದ ಹಿಂಬದಿಯ ಹಸಿರು ದೀಪ ಹತ್ತಲಿಲ್ಲ.

ಟೀಚರ್ ಬಂದು ಕೂತರು. ಅಷ್ಟರಲ್ಲಿ ಈರಣ್ಣ ಚಹಕ್ಕೆ ಕರೆಯಲು ಬಂದ. ಮೇಜಿನ ಮೇಲಿನ ಚೀಲ ನೋಡಿದ.

"ಇದು ಧಾರಾವಿ ಮಾಲಲ್ಲೇನು, ದೋಸ್ತ?"

ಅವನು ಏನನ್ನೂ ಮುಟ್ಟಲಿಲ್ಲ, ಸುಮ್ಮನೆ ಬಗ್ಗಿದ. ದೀಪ ಹತ್ತಿತು, ಇಂಟರ್ನೆಟ್ ತೆರೆಯಿತು. ಹೊರಗೆ ಹೋದ, ಆರಿತು. ಮತ್ತೆ ಬಂದ, ಹತ್ತಿತು. ಟೀಚರ್ ನಕ್ಕು, "ತೋ ಆಪ್ ಹೀ ಲಗಾ ದೀಜಿಯೇ," ಹಾಗಾದರೆ ನೀವೇ ಹಾಕಿಕೊಡಿ, ಎಂದು ಅವನಿಗೇ ಹೇಳಿದರು.

"ನಾ ಏನೂ ಮಾಡಿಲ್ಲರೀ" ಎಂದ ಈರಣ್ಣ. ಆ ವಿನಯ ನನ್ನನ್ನು ಇನ್ನಷ್ಟು ಸುಟ್ಟಿತು. ಕೆಲಸ ಅವನಿಗೆ ಹೋಯಿತು. ಚೀಲವನ್ನೂ ಅವನಿಗೇ ಕಳಿಸಿದೆ. ಅಲ್ಲಿ ಎಲ್ಲ ಕಾರ್ಡುಗಳೂ ನಡೆದವು. ನನ್ನ ಅಂಗಡಿಯ ವೈರಿಂಗು, ಸ್ವಿಚ್ಚು ಎಲ್ಲ ಬಿಚ್ಚಿ ನೋಡಿದೆ, ಎಲ್ಲೂ ದೋಷವಿಲ್ಲ. ಅವನದು ಕೈಗುಣ ಎಂದೇ ಒಳಗೊಳಗೆ ಒಪ್ಪಿಕೊಂಡೆ.

ಕಳೆದ ತಿಂಗಳು ಈರಣ್ಣ ಊರಿಗೆ ಹೋಗಿದ್ದ, ಅಂಗಡಿಯಲ್ಲಿ ಅವನ ಹೆಂಡತಿ ಒಬ್ಬಳೇ ಇದ್ದಳು. ರಸ್ತೆಯಿಂದ ನೋಡಿದೆ: ಬೆನ್ನು ಈ ಕಡೆ ಮಾಡಿಟ್ಟ ನಾಲ್ಕು ಕಂಪ್ಯೂಟರು, ಅವುಗಳಲ್ಲಿ ಆ ಚೀಲದಲ್ಲಿ ಉಳಿದಿದ್ದ ನಾಲ್ಕು ಕಾರ್ಡು, ನಾಲ್ಕು ಹಸಿರು ದೀಪ, ಈರಣ್ಣ ಇಲ್ಲದೆಯೂ. ಅವನು ಎಂದು ಬರುತ್ತಾನೆ ಎಂದು ಕೇಳುವ ನೆಪದಲ್ಲಿ ಹೊಸ್ತಿಲು ಹತ್ತಿದೆ. ನಾಲ್ಕೂ ಒಟ್ಟಿಗೇ ಆರಿದವು.

"ಕರೆಂಟ್ ಹೋತೇನ್ರಿ ಅಣ್ಣಾರ?" ಎಂದಳು ಆಕೆ. ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು.

ಯಾಕೆ ಹೀಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ಈರಣ್ಣನ ಹತ್ತಿರ ಕೆಲಸವಿದ್ದರೆ ರಸ್ತೆಯಲ್ಲೇ ನಿಂತು ಕರೆಯುತ್ತೇನೆ.