ಸದ್ದಿಲ್ಲದ ಸೆವೆಂತ್ ಕಾರ್ಡ್

ಲಾಕ್‌ಡೌನ್ ಮುಗಿದು ಶಾಲೆಗಳು ತೆರೆದ ಮರುವರ್ಷ. ಆಗ ನಾನು ಬೀದರದ ಒಂದು ಖಾಸಗಿ ಶಾಲೆಯಲ್ಲಿ ಸಂಗೀತ ಶಿಕ್ಷಕ. ವಾರವಿಡೀ ಮಕ್ಕಳ ಬ್ಯಾಂಡು, ಶನಿವಾರ ಮಧ್ಯಾಹ್ನ ಹೊರಗಿನವರಿಗೆ ಕ್ಲ್ಯಾರಿನೆಟ್ ಪಾಠ. ನಿವೃತ್ತಿ ಹತ್ತಿರ ಬಂದಿತ್ತು. ವಿದ್ಯಾರ್ಥಿ ಬಾಗಿಲಲ್ಲಿ ನಿಂತದ್ದು ನೋಡಿಯೇ ಅಭ್ಯಾಸ ಮಾಡಿದ್ದಾನೋ ಇಲ್ಲವೋ ಹೇಳಬಲ್ಲೆ ಎಂಬ ಗರ್ವ ತಲೆಗೇರಿತ್ತು.

ಸುವಾರ್ತಾ ಭಾಲ್ಕಿಯಿಂದ ಬಸ್ಸಿಗೆ ಬರುತ್ತಿದ್ದಳು. ಪದವಿ ಮುಗಿಸಿದ ಹುಡುಗಿ, ಚರ್ಚಿನ ಹಾಡುಗಳಲ್ಲಿ ಬೆಳೆದವಳು. ತಾಯಿ ಶಾಂತಮ್ಮ ಆಸ್ಪತ್ರೆಯೊಂದರಲ್ಲಿ ನರ್ಸ್, ಮನೆಯಲ್ಲಿ ಇಬ್ಬರೇ. ಔರಾದದ ಒಂದು ವಸತಿ ಶಾಲೆ ಬ್ಯಾಂಡ್ ಕಲಿಸಲು ಸುವಾರ್ತಾಳನ್ನು ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ಸಂಗೀತದ ಗ್ರೇಡ್ ಪರೀಕ್ಷೆ ಪಾಸಾಗಿರಬೇಕು ಎಂಬ ಷರತ್ತು ಹಾಕಿದ್ದರು. ಮನೆಯಲ್ಲಿ ಅಭ್ಯಾಸ ಮಾಡಲೆಂದು ನಮ್ಮ ಶಾಲೆಯ ಕ್ಲ್ಯಾರಿನೆಟ್ ಒಂದನ್ನು ನನ್ನ ಜವಾಬ್ದಾರಿಯ ಮೇಲೆ ಅವಳಿಗೆ ಕೊಡಿಸಿದ್ದೆ.

ಪರೀಕ್ಷೆಯಲ್ಲಿ ಕಷ್ಟದ ಭಾಗ ಸೆವೆಂತ್ ಕಾರ್ಡಿನ ಆರ್ಪೆಜಿಯೊ. ಸೆವೆಂತ್ ಕಾರ್ಡ್ ಎಂದರೆ ನಾಲ್ಕು ಸ್ವರಗಳ ಗುಂಪು. ಹಾರ್ಮೋನಿಯಂನಲ್ಲಾದರೆ ನಾಲ್ಕನ್ನೂ ಒಟ್ಟಿಗೇ ಒತ್ತಬಹುದು. ಕ್ಲ್ಯಾರಿನೆಟ್ ಒಮ್ಮೆಗೆ ಒಂದೇ ಸ್ವರ ನುಡಿಯುವುದರಿಂದ ಒಂದೊಂದಾಗಿ ಏರಿ ಇಳಿಯಬೇಕು. ಅದೇ ಆರ್ಪೆಜಿಯೊ. ಪರೀಕ್ಷಕರು ಮೊದಲ ಸ್ವರ ಹೇಳುತ್ತಾರೆ, ಉಳಿದ ಮೂರನ್ನು ವಿದ್ಯಾರ್ಥಿ ಮನಸ್ಸಿನಲ್ಲೇ ಲೆಕ್ಕ ಹಾಕಿ ಊದಬೇಕು. ನಾನು ಬರೆದುಕೊಡುತ್ತಿರಲಿಲ್ಲ. ಸುವಾರ್ತಾ ಅದನ್ನು ಬಯಸಲೂ ಇಲ್ಲ. ‘ಜಿ’ ಎಂದರೆ ಸಾಕು, ‘ಬಿ, ಡಿ, ಎಫ್’ ಎಂದು ನಾನು ಉಸಿರು ಬಿಡುವ ಮೊದಲೇ ಹೇಳಿಬಿಡುತ್ತಿದ್ದಳು. ಬಸ್ಸಿನಲ್ಲಿ ಮುಂದಿನ ಸೀಟಿನ ಸರಳಿನ ಮೇಲೂ ಅವಳ ಬೆರಳುಗಳು ಆಡುತ್ತಿರುತ್ತವೆ ಎಂದು ಜೊತೆಗೆ ಬರುವವರು ನಗುತ್ತಿದ್ದರು.

ಊದುವಾಗ ಮಾತ್ರ ಎಲ್ಲ ಕೆಡುತ್ತಿತ್ತು. ಎರಡನೇ ಸುತ್ತಿನಲ್ಲಿ ‘ಜಿ’ಯಿಂದ ‘ಬಿ’ಗೆ ದಾಟುವ ಜಾಗ ಕ್ಲ್ಯಾರಿನೆಟ್‌ನಲ್ಲಿ ಒಂದು ಹೊಳೆ ಇದ್ದಂತೆ, ಬೆರಳಿನಷ್ಟೇ ಉಸಿರೂ ತುಟಿಯೂ ಗಟ್ಟಿ ಇರಬೇಕು. ಅಲ್ಲಿ ಪ್ರತಿ ಸಲ ಕೀಚಲು ದನಿ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ತುಟಿ ಸೋಲುತ್ತಿತ್ತು.

“ಮನ್ಯಾಗ ಪ್ರಾಕ್ಟೀಸ್ ಮಾಡ್ತಿಯೋ ಇಲ್ಲೋ?”

“ದಿನಾ ಮಾಡ್ತೇನಿರಿ ಸರ್.”

“ಸುಳ್ಳ ಹೇಳಬ್ಯಾಡ. ನಿನ್ನ ಬೆರಳ ಮಾಡೇನಿ ಅಂತಾವ, ತುಟಿ ಇಲ್ಲ ಅಂತದ.”

ಉಳಿದ ವಿದ್ಯಾರ್ಥಿಗಳ ಎದುರಿಗೇ ಅಂದೆ. ಅವಳು ತಲೆ ತಗ್ಗಿಸಿದಳು. ಬೆರಳು ಒಂದು ಹೇಳಿ ತುಟಿ ಇನ್ನೊಂದು ಹೇಳುವುದು ಯಾಕೆ ಎಂದು ಕೇಳಬೇಕಾದವನು ನಾನೇ. ಕೇಳಲಿಲ್ಲ. ತಪ್ಪು ಹಿಡಿದೆ ಎಂಬ ಖುಷಿಯಲ್ಲಿದ್ದೆ.

ಪರೀಕ್ಷೆಯ ದಿನ ಪರೀಕ್ಷಕರು ಕೇಳಿದ ಸ್ವರಗಳನ್ನೆಲ್ಲ ಬಾಯಲ್ಲಿ ತಡವರಿಸದೆ ಹೇಳಿದಳಂತೆ. ಊದುವಾಗ ಅದೇ ಹೊಳೆಯಲ್ಲಿ ಮುಳುಗಿದಳು. ಫೇಲ್. ಔರಾದದವರು ಕಾಯಲಿಲ್ಲ, ಬೇರೆಯವರನ್ನು ತೆಗೆದುಕೊಂಡರು. ಸುವಾರ್ತಾ ಪಾಠಕ್ಕೆ ಬರುವುದನ್ನು ಬಿಟ್ಟಳು. ಕ್ಲ್ಯಾರಿನೆಟ್ ವಾಪಸ್ ತರಿಸಿ ಎಂದು ಶಾಲೆಯ ಆಫೀಸಿನವರು ನನ್ನ ಬೆನ್ನು ಹತ್ತಿದರು. ನಾನು ಭಾಲ್ಕಿಗೆ ಹೋದದ್ದು ಅದಕ್ಕೆ. ಸಮಾಧಾನ ಹೇಳಲು ಹೋದೆ ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಅದು ನಿಜವಲ್ಲ.

ಹೊತ್ತು ಏರಿತ್ತು. ಒಂದು ಕೋಣೆ, ಹಿಂದೆ ಅಡುಗೆಮನೆ. ಮಂಚದ ಮೇಲೆ ಶಾಂತಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತ ಸುವಾರ್ತಾಳ ಕೈಯಲ್ಲಿ ಕ್ಲ್ಯಾರಿನೆಟ್ ಇತ್ತು. ಕೆಲಸ ಕೈತಪ್ಪಿದ ಮೇಲೂ ಅಭ್ಯಾಸ ಬಿಟ್ಟಿರಲಿಲ್ಲ. ತುಟಿಗೆ ತಾಗಿಸದೆ ಬೆರಳು ಮಾತ್ರ ಆಡಿಸುತ್ತಿದ್ದಳು, ಲೋಹದ ಗುಂಡಿಗಳು ಟಕಟಕ ಎನ್ನುತ್ತಿದ್ದವು. ನನ್ನನ್ನು ಕಂಡವಳೇ ಎದ್ದು ಪಿಸುಗುಟ್ಟಿದಳು.

“ಮೆಲ್ಲಗ ಮಾತಾಡ್ರಿ ಸರ್. ಅವ್ವ ನೈಟ್ ಡ್ಯೂಟಿ ಮುಗಿಸಿ ಈಗ ಮಲಗ್ಯಾಳ.”

“ದಿನಾ ಹಿಂಗೇ ಮಾಡ್ತಿಯೇನು?”

“ಹೌದ್ರಿ. ಹಗಲ ಊದಿದ್ರ ಆಕಿ ನಿದ್ದಿ ಕೆಡ್ತದ, ರಾತ್ರಿ ಊದಿದ್ರ ಓಣಿಯವ್ರ ನಿದ್ದಿ.”

ಆಗ ಮಂಚದಿಂದ ದನಿ ಬಂತು.

“ನಾ ಮಲಗಿಲ್ಲರಿ ಸರ್.” ಶಾಂತಮ್ಮ ಈ ಕಡೆ ಹೊರಳಿದರು. “ದಿನಾ ಆ ಟಕಟಕ ಕೇಳ್ತೇನಿ. ಈಗ ಊದ್ತಾಳ, ಈಗ ಊದ್ತಾಳ ಅಂತ ಕಾಯ್ತೇನಿ. ಎಚ್ಚರ ಇದ್ದೇನಿ ಅಂದ್ರ ನಿನ್ನ ನಿದ್ದಿ ಕೆಡಿಸ್ದೆ ಅಂತ ಅಳ್ತದ ನೋಡ್ರಿ ಈ ಹುಡುಗಿ. ಅದಕ್ಕ ಸುಮ್ಮ ಕಣ್ಣ ಮುಚ್ಕೊಂಡು ಬೀಳ್ತೇನಿ.”

ತಾಯಿಯ ನಿದ್ದೆಗೆಂದು ಮಗಳು ಉಸಿರು ಹಿಡಿದಿದ್ದಳು, ಮಗಳಿಗೆಂದು ತಾಯಿ ನಿದ್ದೆಯ ನಟನೆ ಮಾಡುತ್ತಿದ್ದರು. ನಾನು ಮಾತ್ರ ಯಾರಿಗಾಗಿಯೂ ಏನನ್ನೂ ಬಿಟ್ಟುಕೊಡದೆ ಬೈದು ಕುಳಿತಿದ್ದೆ. ನನ್ನಿಂದ ಬಂದದ್ದು ಒಂದೇ ಮಾತು: “ಊದವ್ವ.”

ಊದಿದಳು. ‘ಬಿ’ಯಲ್ಲಿ ದನಿ ಒಡೆಯಿತು. ಮತ್ತೆ ಊದಿದಳು, ಮತ್ತೆ ಒಡೆಯಿತು. ಶಾಂತಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಅದೇ ನಾಲ್ಕು ಸ್ವರ ಏರಿ ಇಳಿದು, ಏರಿ ಇಳಿದು, ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು. ಸುವಾರ್ತಾ ಗಾಬರಿಯಿಂದ ನಿಲ್ಲಿಸಿದಳು. ಸೆರಗಿನೊಳಗಿಂದ ತಾಯಿ ಗೊಣಗಿದರು: “ಯಾಕ ನಿಲ್ಲಿಸ್ದಿ?”

ಕ್ಲ್ಯಾರಿನೆಟ್ ತರದೆ ಬರಿಗೈಯಲ್ಲಿ ಬಂದೆ. ಮುಂದಿನ ಪರೀಕ್ಷೆಯಲ್ಲಿ ಅವಳು ಪಾಸಾದಳು. ಔರಾದದ ಕೆಲಸ ಮಾತ್ರ ಮತ್ತೆ ಬರಲಿಲ್ಲ. ಈಗ ಭಾಲ್ಕಿಯ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದು ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಅವಳು ದೂರುವುದಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚುತ್ತದೆ. ಅಂದಿನಿಂದ ನಿವೃತ್ತನಾಗುವವರೆಗೆ ಯಾವ ವಿದ್ಯಾರ್ಥಿಯನ್ನೂ ಅಭ್ಯಾಸ ಮಾಡಿದೆಯಾ ಎಂದು ಕೇಳಲಿಲ್ಲ. ಮನೆಯಲ್ಲಿ ಎಲ್ಲಿ ಕೂತು ಊದುತ್ತೀ, ಆಗ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಕೇಳುತ್ತಿದ್ದೆ. ಸುವಾರ್ತಾಳನ್ನು ಹಾಗೆ ಒಂದು ಸಲ ಕೇಳಿದ್ದರೂ ಸಾಕಿತ್ತು. ಅವಳು ನಿಜವನ್ನೇ ಹೇಳುತ್ತಿದ್ದಳು.